ಹಗುರ ಕಾರಿನಲ್ಲಿ ಡ್ರಿಫ್ಟ್ ಕಲಿಯುವುದು: ಮಳೆಗಾಲಕ್ಕೆ ಕಾಫಿ ಕಣ, ಆಮೇಲೆ ಗದ್ದೆ?

ಕಣದಹುಡುಗ · ಗೋಣಿಕೊಪ್ಪ ಕಡೆ · ಜುಲೈ

ಎಲ್ಲರಿಗೂ ನಮಸ್ಕಾರ. ನಾವು ಮೂರು ಜನ ಗೆಳೆಯರು ಸೇರಿ ಒಂದು ಹಳೆಯ ಪ್ರೀಮಿಯರ್ 118ಎನ್‌ಇ ಕಾರು ಎಬ್ಬಿಸಿದ್ದೇವೆ. ನಮ್ಮ ಮಾವನ ಶೆಡ್ಡಿನಲ್ಲಿ ಗೊಬ್ಬರದ ಚೀಲಗಳ ಹಿಂದೆ ವರ್ಷಗಟ್ಟಲೆ ನಿಂತಿತ್ತು. ಹಿಂದಿನ ಸೀಟು, ಡಿಕ್ಕಿಯ ಮ್ಯಾಟು, ಬಾಗಿಲ ಒಳಗಿನ ಹಲಗೆ ಎಲ್ಲಾ ಕಿತ್ತು ಹಗುರ ಮಾಡಿದ್ದೇವೆ. ಸ್ಪೋರ್ಟ್ಸ್ ಕಾರ್ ಅಂದರೆ ನಗಬೇಡಿ. ಎಂಜಿನ್ ಮುಂದೆ, ತಳ್ಳುವುದು ಹಿಂದಿನ ಚಕ್ರ, ತೂಕ ಒಂದು ಟನ್ನಿಗಿಂತ ಕಡಿಮೆ. ನಮ್ಮ ಜೇಬಿಗೆ ಇದೇ ಸ್ಪೋರ್ಟ್ಸ್ ಕಾರ್.

ಜಾಗ ಮಾವನ ತೋಟದಲ್ಲಿ ಕಾಫಿ ಒಣಗಿಸುವ ಕಣ. ಈಗ ಮಳೆ, ಕಣ ಖಾಲಿ. ಸಿಮೆಂಟಿನ ಮೇಲೆ ತೆಳ್ಳಗೆ ಪಾಚಿ ಕಟ್ಟಿದೆ, ಚಪ್ಪಲಿ ಹಾಕಿ ನಡೆದರೂ ಜಾರುತ್ತದೆ. ಗೊಬ್ಬರದ ಖಾಲಿ ಚೀಲಕ್ಕೆ ಕಾಫಿ ಹೊಟ್ಟು ತುಂಬಿ ಕೋನ್ ಮಾಡಿಕೊಂಡಿದ್ದೇವೆ. ಗುದ್ದಿದರೆ ಕಾರಿಗೆ ಏನೂ ಆಗುವುದಿಲ್ಲ, ಹೊಟ್ಟು ಮಾತ್ರ ಚೆಲ್ಲುತ್ತದೆ.

ಸಮಸ್ಯೆ ಏನು ಅಂದರೆ, ಎರಡೇ ಥರ ಆಗುತ್ತಿದೆ. ಸ್ಟೀರಿಂಗ್ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಚಕ್ರ ಜಾರಿ ಕಾರು ನೇರ ಹೋಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದರೆ ಗಿರ್ರನೆ ಸುತ್ತಿ ಬಂದ ದಾರಿಗೇ ಮುಖ ಮಾಡಿ ನಿಲ್ಲುತ್ತದೆ. ಇವೆರಡರ ನಡುವಿನದು, ಅಂದರೆ ಅಡ್ಡಡ್ಡ ಜಾರುತ್ತಾ ಹೋಗುವುದು, ಸಿಗುತ್ತಲೇ ಇಲ್ಲ. ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು) ವೆಲ್ಡ್ ಮಾಡಿಸಬೇಕಾ? ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ಬೇಕಾ? ಅಥವಾ ಕೊಯ್ಲು ಮುಗಿದ ಮೇಲೆ ಗದ್ದೆಗೆ ಇಳಿಯುವುದೇ ವಾಸಿಯಾ? ಅನುಭವ ಇರುವವರು ಹೇಳಿ.

---

ಬಾಣೆಜೀಪು · ಪೊನ್ನಂಪೇಟೆ

ತಮ್ಮ, ಮೊದಲು ಯಾವುದನ್ನೂ ವೆಲ್ಡ್ ಮಾಡಿಸಬೇಡ. ದುಡ್ಡು ಇಟ್ಟುಕೋ, ಪೆಟ್ರೋಲಿಗೆ ಬೇಕಾಗುತ್ತದೆ.

ನಿನ್ನ ಕಾರಿನಲ್ಲಿ ಇರುವುದು 50ರ ಆಸುಪಾಸು ಹಾರ್ಸ್‌ಪವರ್. ಅದರ ಬಲದಿಂದ ಹಿಂದಿನ ಚಕ್ರ ಜಾರಿಸುತ್ತೇನೆ ಅಂದರೆ ಪಾಚಿ ಇರುವ ಕಡೆ ಸಾಧ್ಯ, ಬೇರೆಲ್ಲೂ ಇಲ್ಲ. ಹಗುರ ಕಾರನ್ನು ತೂಕ ಆಡಿಸಿ ಜಾರಿಸಬೇಕು. ಹೆಗಲ ಮೇಲೆ ಮೂಟೆ ಹೊತ್ತವನು ಗಕ್ಕನೆ ನಿಂತರೆ ಮೂಟೆ ಮುಂದಕ್ಕೆ ನೂಕುತ್ತದಲ್ಲ, ಕಾರಿನಲ್ಲೂ ಹಾಗೇ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಅವು ನೆಲ ಕಚ್ಚುತ್ತವೆ. ಹಿಂದಿನವು ಹಗುರವಾಗುತ್ತವೆ. ಆ ಅರೆಕ್ಷಣದಲ್ಲಿ ಸ್ಟೀರಿಂಗ್ ತಿರುಗಿಸಬೇಕು. ನೀವು ಮಾಡುತ್ತಿರುವುದು ತದ್ವಿರುದ್ಧ. ಆಕ್ಸಿಲರೇಟರ್ ಒತ್ತಿಕೊಂಡೇ ತಿರುಗಿಸುತ್ತಿದ್ದೀರಿ. ಭಾರ ಹಿಂದೆ ಕೂತಿದೆ, ಮುಂದಿನ ಚಕ್ರ ಏನನ್ನು ಕಚ್ಚಬೇಕು?

ಒಂದೇ ಒಂದು ಚೀಲ ಮಧ್ಯೆ ಇಡಿ. ಅದರ ಸುತ್ತ ಸುಮಾರು 10 ಮೀಟರ್ ತ್ರಿಜ್ಯದ ವೃತ್ತ. ಎರಡನೇ ಗೇರಿನಲ್ಲಿ ನಿಧಾನಕ್ಕೆ ಸುತ್ತಿ. ಮುಂಭಾಗ ಹೊರಗೆ ಜಾರಲು ಶುರುವಾಗುವ ಅಂಚಿಗೆ ಬಂದಾಗ ಕಾಲು ಪೂರ್ತಿ ಎತ್ತಿ, ಮೂತಿ ಒಳಗೆ ತಿರುಗಿದ ತಕ್ಷಣ ಮತ್ತೆ ಚುರುಕಾಗಿ ಒತ್ತಿ. ಹಿಂಭಾಗ ಹೊರಗೆ ಬರುತ್ತದೆ. ಆಗ ಕಾಲು ತೆಗೆಯಬಾರದು. ಅಲ್ಲೇ ಎಲ್ಲರೂ ಹೆದರಿ ತೆಗೆಯುತ್ತಾರೆ, ಭಾರ ಮತ್ತೆ ಮುಂದಕ್ಕೆ ಬರುತ್ತದೆ, ಕಾರು ಸುತ್ತಿಬಿಡುತ್ತದೆ. ಸ್ವಲ್ಪ ಕಮ್ಮಿ ಮಾಡಬಹುದು, ಪೂರ್ತಿ ಬಿಡುವ ಹಾಗಿಲ್ಲ.

ಇನ್ನು ಕೈ. ಹಿಂಭಾಗ ಹೊರಬಂದಾಗ ಮುಂದಿನ ಚಕ್ರಗಳು ತಾವಾಗಿಯೇ ಜಾರುವ ದಿಕ್ಕಿಗೆ ತಿರುಗಲು ನೋಡುತ್ತವೆ. ಮುಂದಿನ ಚಕ್ರದ ಜೋಡಣೆಯೇ ಹಾಗೆ ಇರುತ್ತದೆ. ಸ್ಟೀರಿಂಗನ್ನು ಗಟ್ಟಿ ಹಿಡಿದವನು ಅದನ್ನು ತಡೆಯುತ್ತಾನೆ. ಬೆರಳು ಸಡಿಲ ಬಿಡು, ಸ್ಟೀರಿಂಗ್ ಅಂಗೈ ಒಳಗೆ ಜಾರಿಕೊಂಡು ಹೋಗಲಿ, ಸಾಕು ಅನಿಸಿದಲ್ಲಿ ಹಿಡಿ. ಇದು ಓದಿದರೆ ಬರುವುದಿಲ್ಲ, ಆದರೆ ಓದಿರಲಿ.

---

ಸಂಪಾಜೆಘಾಟಿ

ಎಂತ ಮಾರಾಯ್ರೆ ಇದು, ಇನ್ನೊಂದು ಡ್ರಿಫ್ಟು! ಮಳೆಗಾಲದಲ್ಲಿ ನಮ್ಮ ಸಂಪಾಜೆ ಘಾಟಿಯಲ್ಲಿ ಶನಿವಾರ ರಾತ್ರಿ ಯಾರೋ ಕಾರು ಅಡ್ಡಡ್ಡ ಹಾಯಿಸಿಕೊಂಡು ಹೋಗುತ್ತಾರೆ. ಎದುರಿಗೆ ಮಂಗಳೂರಿನ ಬಸ್ಸು, ಮರದ ಲಾರಿ, ಮೂರು ಮಾರು ಆಚೆ ಕಾಣದ ಮಂಜು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜಾರಿ ದಾರಿಯೇ ಹೋಗಿತ್ತು, ನೆನಪುಂಟಲ್ಲ? ಆ ರಸ್ತೆಯ ಅಂಚನ್ನು ನಂಬಿ ಜಾರಾಟ ಆಡುವುದಾ?

ಕಾನೂನೂ ಗೊತ್ತಿರಲಿ. ಸಾರ್ವಜನಿಕ ಜಾಗದಲ್ಲಿ ರೇಸು, ವೇಗದ ಪರೀಕ್ಷೆ ಮಾಡಿದರೆ 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಂ. ಅಪಾಯಕಾರಿ ಚಾಲನೆಗೆ 184. ಹದಿನೆಂಟು ತುಂಬದ ಹುಡುಗನ ಕೈಗೆ ಕಾರು ಕೊಟ್ಟರೆ 2019ರ ತಿದ್ದುಪಡಿಯಲ್ಲಿ ಬಂದ 199ಎ. ಅದರಲ್ಲಿ ಅಪ್ಪನಿಗೆ ಅಥವಾ ಕಾರಿನ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

---

ಕಣದಹುಡುಗ

ಅಣ್ಣ, ಕಾರು ರಸ್ತೆಗೆ ಇಳಿಯುವುದೇ ಇಲ್ಲ. ಅದಕ್ಕೆ ಈಗ ಇನ್ಶೂರೆನ್ಸೂ ಇಲ್ಲ, ಶೆಡ್ಡಿನಿಂದ ಕಣ, ಕಣದಿಂದ ಶೆಡ್ಡು ಅಷ್ಟೇ. ಗೇಟು ಹಾಕಿಕೊಂಡೇ ಆಡುತ್ತೇವೆ.

ಬಾಣೆಜೀಪು ಅಣ್ಣ, ನಾಳೆ ಭಾನುವಾರ. ನೀವು ಹೇಳಿದ ವೃತ್ತವೇ.

---

ಆಕ್ಲೆಂಡ್‌ವಾಸಿ · ಹುಟ್ಟೂರು ವಿರಾಜಪೇಟೆ

ಇದನ್ನು ಓದಿ ಖುಷಿಯಾಯಿತು. ಇಲ್ಲಿ ನನ್ನ ಹತ್ತಿರ ಹಳೆಯ ಮಾಜ್ದಾ ಎಂಎಕ್ಸ್-5 ಇದೆ, ಮೊದಲ ತಲೆಮಾರಿನದು. 1989ರಲ್ಲಿ ಷಿಕಾಗೋ ಮೋಟಾರ್ ಶೋದಲ್ಲಿ ಬಿಡುಗಡೆಯಾದ ಮಾದರಿ. 1.6 ಲೀಟರ್ ಎಂಜಿನ್, ಎರಡೇ ಸೀಟು, ಒಂದು ಟನ್ನಿಗಿಂತ ಕಮ್ಮಿ ತೂಕ. ಭಾರ ಮುಂದೆ ಹಿಂದೆ ಹೆಚ್ಚುಕಮ್ಮಿ ಸಮ. ಡ್ರಿಫ್ಟ್ ಕಲಿಯುವವರಿಗೆ ಪ್ರಪಂಚದ ಅರ್ಧ ಜನ ಇದನ್ನೇ ಹೇಳುತ್ತಾರೆ. ಇಂಡಿಯಾದಲ್ಲಿ ಕಂಪನಿ ಈ ಕಾರು ಮಾರಲೇ ಇಲ್ಲ. ಮೂರು ವರ್ಷಕ್ಕಿಂತ ಹಳೆಯ ಕಾರು ತರಿಸಿಕೊಳ್ಳಲು ಬಿಡುವುದಿಲ್ಲ, ಹೊಸದಕ್ಕೆ ಸುಂಕ ಸೇರಿಸಿದರೆ ಒಂದು ಎಕರೆ ತೋಟ ಮಾರಬೇಕು. ಆದ್ದರಿಂದ 118ಎನ್‌ಇ ಒಳ್ಳೆಯ ಆಯ್ಕೆ. ಅದರ ಮೂಲ ಫಿಯೆಟ್ 124, ಎಂಜಿನ್ ನಿಸ್ಸಾನಿನದು. ಹಿಂದೆ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್. ಇದೇ ಮೂಲದಿಂದ ಬಂದ ರಷ್ಯಾದ ಲಾಡಾಗಳನ್ನು ಅಲ್ಲಿನ ಹುಡುಗರು ಹಿಮದ ಮೇಲೆ ಅಡ್ಡಡ್ಡ ಓಡಿಸುತ್ತಲೇ ಇರುತ್ತಾರೆ.

ಕಮ್ಮಿ ಶಕ್ತಿಯ ಕಾರಿನಲ್ಲಿ ಡ್ರಿಫ್ಟ್ ಆಗುವುದಿಲ್ಲ ಅನ್ನುವವರಿಗೆ ಒಂದು ಮಾತು. ಈ ಆಟ ಬೆಳೆದಿದ್ದರಲ್ಲಿ ಅಂಥ ಕಾರುಗಳದ್ದೂ ಪಾಲಿದೆ. 1970ರ ದಶಕದಲ್ಲಿ ಜಪಾನಿನ ಕುನಿಮಿತ್ಸು ತಕಾಹಾಶಿ ರೇಸ್ ಟ್ರ್ಯಾಕಿನ ತಿರುವುಗಳಲ್ಲಿ ಜಾರಿಸಿಕೊಂಡು ಹೋಗುತ್ತಿದ್ದ. ಅದನ್ನು ನೋಡಿ ಕಲಿತು ಬೆಳೆಸಿದವನು ಕೇಯಿಚಿ ತ್ಸುಚಿಯಾ. ಅವನ ಹೆಸರಿನ ಜೊತೆ ಅಂಟಿಕೊಂಡಿರುವ ಟೊಯೋಟಾ ಎಇ86 ಕೂಡ 1.6 ಲೀಟರಿನದ್ದೇ, ತೂಕವೂ ಟನ್ನಿನ ಒಳಗೆ. ಡ್ರಿಫ್ಟಿಗೆ ಅಂತಲೇ ಡಿ1 ಗ್ರ್ಯಾಂಡ್ ಪ್ರಿ ಅನ್ನುವ ಸ್ಪರ್ಧೆ ಶುರುವಾಗಿದ್ದು 2000ದಲ್ಲಿ. ಐನೂರು ಆರುನೂರು ಹಾರ್ಸ್‌ಪವರ್ ಎಲ್ಲಾ ಆಮೇಲೆ ಬಂದಿದ್ದು.

ಹಗುರ ಕಾರಿನ ಒಂದು ಗುಣ ಹೇಳಲೇಬೇಕು. ಅದು ಬೇಗ ತಿರುಗುತ್ತದೆ. ಭಾರ ಎಲ್ಲಾ ನಡುವೆ ಇರುವುದರಿಂದ ಸುತ್ತಲು ಶುರುವಾದರೆ ಸರಕ್ಕನೆ ಸುತ್ತುತ್ತದೆ, ಹಾಗೇ ಸರಕ್ಕನೆ ವಾಪಸ್ಸೂ ಬರುತ್ತದೆ. ಉದ್ದದ, ತೂಕದ ಕಾರು ಯೋಚನೆಗೆ ಸಮಯ ಕೊಡುತ್ತದೆ. ಇದು ಕೊಡುವುದಿಲ್ಲ. ಅದಕ್ಕೇ ಇದರಲ್ಲಿ ಕಲಿತವನ ಕೈ ಚುರುಕಾಗುತ್ತದೆ.

ಕಣ್ಣು ಎಲ್ಲಿದೆ ಅನ್ನುವುದನ್ನೂ ಗಮನಿಸಿ. ಚೀಲ ನೋಡಿದರೆ ಚೀಲಕ್ಕೇ ಹೋಗುತ್ತೀರಿ. ಜಾರುವಾಗ ಪಕ್ಕದ ಕಿಟಕಿಯಿಂದ ನೋಡಬೇಕಾಗುತ್ತದೆ, ಮೊದಲಿಗೆ ಅದು ವಿಚಿತ್ರ ಅನಿಸುತ್ತದೆ.

---

ಎಸ್ಟೀಮ್‌ಪ್ರೇಮಿ · ಕುಶಾಲನಗರ

ನನ್ನದು ಮಾರುತಿ ಎಸ್ಟೀಮ್, ಎಂಜಿನ್ ಶಕ್ತಿ ಮುಂದಿನ ಚಕ್ರಕ್ಕೆ ಹೋಗುವ ಕಾರು. ಹ್ಯಾಂಡ್‌ಬ್ರೇಕ್ ಎಳೆದು ಮಾಡಿದರೆ ಡ್ರಿಫ್ಟ್ ಅಲ್ವಾ?

---

ಬಾಣೆಜೀಪು

ಅಲ್ಲ. ಅದು ಜಾರಿಸುವುದು. ಶುರು ಮಾಡಬಹುದು, ಮುಂದುವರಿಸಲು ಆಗುವುದಿಲ್ಲ. ಹಿಂದಿನ ಚಕ್ರಕ್ಕೆ ಶಕ್ತಿಯೇ ಹೋಗದಿದ್ದರೆ ಜಾರಾಟವನ್ನು ಕಾಲಿನಿಂದ ಹಿಡಿದಿಡುವುದು ಹೇಗೆ?

---

ಆಕ್ಲೆಂಡ್‌ವಾಸಿ

ಆದರೂ ನಿರಾಸೆ ಬೇಡ. ಇಲ್ಲಿ ಮುಂದಿನ ಚಕ್ರದ ಕಾರಿನವರು ಹಿಂದಿನ ಎರಡೂ ಚಕ್ರದ ಅಡಿಗೆ ಪ್ಲಾಸ್ಟಿಕ್ ಟ್ರೇ ಇಟ್ಟು, ಹ್ಯಾಂಡ್‌ಬ್ರೇಕ್ ಹಾಕಿಕೊಂಡೇ ಎಳೆದಾಡುತ್ತಾರೆ. ಹಿಂಭಾಗ ಹೊರಬಂದರೆ ಸ್ಟೀರಿಂಗ್ ಎಷ್ಟು ತಿರುಗಿಸಬೇಕು ಅನ್ನುವುದು ಕೈಗೆ ಹತ್ತುತ್ತದೆ. ಖರ್ಚು ಎರಡು ಟ್ರೇ.

---

ಮೆಣಸುಬಳ್ಳಿ · ಸಿದ್ದಾಪುರ

ಯಾರೂ ಕಣದ ಕಡೆಯಿಂದ ಮಾತಾಡುತ್ತಿಲ್ಲ, ನಾನು ಮಾತಾಡುತ್ತೇನೆ. ನಮ್ಮದೂ ತೋಟ, ಲೆಕ್ಕ ನೋಡುವವಳು ನಾನೇ.

ಕಾಫಿ ಬೀಜ ಸುತ್ತಲಿನ ವಾಸನೆ ಹೀರಿಕೊಳ್ಳುತ್ತದೆ. ಡೀಸೆಲ್, ಗ್ರೀಸ್, ಸುಟ್ಟ ರಬ್ಬರ್ ಇದ್ದ ಜಾಗದಲ್ಲಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ) ಹರಡಿದರೆ ಆ ನಾತ ಕಪ್ಪಿನವರೆಗೂ ಹೋಗುತ್ತದೆ. ರುಚಿ ನೋಡುವವರು ಒಂದೇ ಗುಟುಕಿಗೆ ಹಿಡಿಯುತ್ತಾರೆ. ನಿಮ್ಮ ಹಳೆಯ ಕಾರು ಎಂಜಿನ್ ಆಯಿಲ್ ತೊಟ್ಟಿಕ್ಕುತ್ತದಾ? ತೊಟ್ಟಿಕ್ಕದ ಹಳೆಯ ಕಾರು ನಾನಂತೂ ನೋಡಿಲ್ಲ. ಸಿಮೆಂಟು ಆಯಿಲ್ ಕುಡಿದರೆ ಮತ್ತೆ ಬಿಡುವುದಿಲ್ಲ. ಎಂಜಿನ್ ಅಡಿಗೆ ಒಂದು ತಗಡಿನ ತಟ್ಟೆ ಕಟ್ಟಿ, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಸೀಲು ನೋಡಿಸಿ, ಆಮೇಲೆ ಕಣಕ್ಕೆ ಹತ್ತಿ.

ಇನ್ನೊಂದು. ಅರೇಬಿಕಾ ಕೊಯ್ಲು ನವೆಂಬರಿಗೆ ಶುರುವಾಗುತ್ತದೆ. ಅದಕ್ಕೆ ಮುಂಚೆ ಹೇಗಿದ್ದರೂ ಪಾಚಿ ಕೆರೆದು ಕಣ ತೊಳೆಯಬೇಕು. ಆ ಕೆಲಸ ಈ ಸಲ ನೀವು ಮೂವರೇ ಮಾಡಿ. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ತಲೆ ಮೇಲೆ ಹಾಕಬೇಡಿ. ನಿಮ್ಮ ಮಾವ ಸುಮ್ನೆ ಇದ್ದಾರೆ ಅಂದರೆ ಒಪ್ಪಿದ್ದಾರೆ ಅಂತಲ್ಲ, ನೋಡುತ್ತಿದ್ದಾರೆ ಅಂತ.

ಅಂದ ಹಾಗೆ ಹುಡುಗರಿಗಷ್ಟೇ ಬರುವ ವಿದ್ಯೆ ಅಂದುಕೊಳ್ಳಬೇಡಿ. ನಾನು ಜಿಪ್ಸಿಯನ್ನು ಕೆಸರು ಗದ್ದೆಯಲ್ಲಿ ಹಿಂದುಮುಂದು ಮಾಡಿ ತೆಗೆದಷ್ಟು ನಮ್ಮ ಮನೆಯವರು ತೆಗೆದಿಲ್ಲ.

---

ಕಣದಹುಡುಗ

ಅಕ್ಕ, ಆಯಿಲ್ ತೊಟ್ಟಿಕ್ಕುತ್ತದೆ. ನಿಮಗೆ ಹೇಗೆ ಗೊತ್ತಾಯಿತು! ತಟ್ಟೆ ಕಟ್ಟುತ್ತೇವೆ. ಕಣ ತೊಳೆಯುವುದೂ ನಮ್ಮದೇ ಜವಾಬ್ದಾರಿ. ಮಾವ ನಿಮ್ಮ ಬರಹ ಓದಿ ಜೋರಾಗಿ ನಕ್ಕರು.

---

ಸ್ಪ್ಯಾನರ್‌ಸಾಬ್ · ಕುಶಾಲನಗರ, ಗ್ಯಾರೇಜು

ನಾನು ಮೆಕ್ಯಾನಿಕ್. ವೆಲ್ಡಿಂಗ್ ವಿಷಯ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಮಾಮೂಲಿ ಡಿಫರೆನ್ಷಿಯಲ್ ಇರುವ ಕಾರಿನಲ್ಲಿ ಜೋರಾಗಿ ತಿರುಗಿದಾಗ ಒಳಗಿನ ಚಕ್ರದ ಮೇಲೆ ಭಾರ ಕಮ್ಮಿಯಾಗುತ್ತದೆ. ಅದು ಸುಮ್ನೆ ಸುತ್ತುತ್ತದೆ, ಹೊರಗಿನದು ತಳ್ಳುವುದಿಲ್ಲ. ವೆಲ್ಡ್ ಮಾಡಿದರೆ ಎರಡೂ ಒಟ್ಟಿಗೆ ಸುತ್ತುತ್ತವೆ, ಜಾರಾಟ ಹದವಾಗಿ ನಿಲ್ಲುತ್ತದೆ. ನಿಜ. ಆದರೆ ಅದು ಹಿಡಿತ ಇರುವ ನೆಲದ ಕಥೆ. ಪಾಚಿಯ ಮೇಲೆ ಕಾರು ಅಷ್ಟು ವಾಲುವುದೇ ಇಲ್ಲ, ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಸಲ ಹಿಡಿತ ಬಿಡುತ್ತವೆ. ಒದ್ದೆ ಕಣದಲ್ಲಿ ವೆಲ್ಡ್ ಬೇಡವೇ ಬೇಡ. ಅಲ್ಲದೆ 118ಎನ್‌ಇಯ ಡಿಫರೆನ್ಷಿಯಲ್ ಹಾಳಾದರೆ ಇನ್ನೊಂದು ಹುಡುಕಲು ಗುಜರಿ ಗುಜರಿ ಅಲೆಯಬೇಕು. ಬಿಡಿಭಾಗ ಸಿಗದ ಕಾರಿನಲ್ಲಿ ಒಂದನ್ನೂ ಕೆಡಿಸಬಾರದು.

ಹೈಡ್ರಾಲಿಕ್ ಹ್ಯಾಂಡ್‌ಬ್ರೇಕೂ ಈಗಲೇ ಬೇಡ. ಇರುವ ಕೇಬಲ್ಲನ್ನು ಸರಿಯಾಗಿ ಟೈಟ್ ಮಾಡಿ, ಹಿಂದಿನ ಬ್ರೇಕ್ ಎರಡೂ ಕಡೆ ಒಂದೇ ಸಮ ಹಿಡಿಯುವ ಹಾಗೆ ಹೊಂದಿಸಿ. ಎಳೆಯುವಾಗ ಕ್ಲಚ್ ಒತ್ತಿರಬೇಕು, ಇಲ್ಲದಿದ್ದರೆ ಎಂಜಿನ್ ಆಫ್ ಆಗುತ್ತದೆ. ಲಿವರಿನ ತುದಿಯ ಗುಂಡಿ ಒತ್ತಿಕೊಂಡೇ ಎಳೆಯಿರಿ, ಆಗ ಅದು ಸಿಕ್ಕಿಹಾಕಿಕೊಳ್ಳುವುದಿಲ್ಲ. ಒಂದು ಸಲ ಚುರುಕಾಗಿ ಎಳೆದು ಬಿಡುವುದು, ಅಷ್ಟೇ.

ಟಯರು: ಮುಂದೆ ಒಳ್ಳೆಯದು, ಹಿಂದೆ ಸವೆದದ್ದು. ಜಾಸ್ತಿ ಜನ ತಿರುಗಾಮುರುಗಾ ಮಾಡುತ್ತಾರೆ. ಹಿಂದೆ ಗಾಳಿ ಸ್ವಲ್ಪ ಜಾಸ್ತಿ ಹೊಡೆಸಿ, ಹಿಡಿತ ಇನ್ನೂ ಕಮ್ಮಿಯಾಗುತ್ತದೆ. ನೂಲು ಕಾಣುವ ಟಯರು ಮಾತ್ರ ಬೇಡ.

ಕ್ಲಚ್ ಕಿಕ್ ಅಂತ ವಿಡಿಯೋ ನೋಡಿರುತ್ತೀರಿ. ಜಾರುವಾಗ ಕ್ಲಚ್ಚನ್ನು ಒಮ್ಮೆ ಒತ್ತಿ ಫಟ್ ಅಂತ ಬಿಡುವುದು. ಎಂಜಿನ್ನಿನ ವೇಗ ಒಮ್ಮೆಲೇ ಹಿಂದಿನ ಚಕ್ರಕ್ಕೆ ಬಡಿಯುತ್ತದೆ. ಕಮ್ಮಿ ಶಕ್ತಿಯ ಕಾರಿಗೆ ಉಪಯೋಗದ ವಿದ್ಯೆಯೇ. ಆದರೆ ಆ ಏಟು ಹಾಯುವುದು ಎಂಜಿನ್ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು (ಅದರ ತುದಿಯ ಕೀಲು), ಆಕ್ಸಲ್ ಶಾಫ್ಟು, ಡಿಫರೆನ್ಷಿಯಲ್ ಹಲ್ಲು, ಎಲ್ಲದರ ಮೂಲಕ. ಶುರು ಮಾಡುವ ಮುಂಚೆ ಕಾರಿನ ಅಡಿ ಮಲಗಿ ಆ ಕ್ರಾಸನ್ನು ಕೈಯಲ್ಲಿ ಅಲುಗಾಡಿಸಿ ನೋಡಿ. ಕಟ ಕಟ ಅಂದರೆ ಮೊದಲು ಬದಲಾಯಿಸಿ. ಓಡುವಾಗ ಶಾಫ್ಟ್ ಕಳಚಿ ನೆಲಕ್ಕೆ ಬಿದ್ದರೆ ಕಾರಿನ ಹೊಟ್ಟೆಯನ್ನೇ ಬಡಿದು ಹರಿಯುತ್ತದೆ.

ಮುಖ್ಯವಾದದ್ದು, ಬ್ಯಾಟರಿ! ಹಗುರ ಮಾಡುವ ಗಡಿಬಿಡಿಯಲ್ಲಿ ಬ್ಯಾಟರಿ ಕ್ಲಾಂಪ್ ಬಿಚ್ಚಿದವರನ್ನು ನೋಡಿದ್ದೇನೆ. ಬಿಗಿಯಾಗಿ ಕಟ್ಟಿ.

---

ಲೆಕ್ಕದಮಾಸ್ತರ · ಮಡಿಕೇರಿ

ನಾನು ಕಾರು ಓಡಿಸುವುದು ಕಾಲೇಜಿಗೆ ಹೋಗಿ ಬರಲು ಮಾತ್ರ. ಆದರೆ 10 ಮೀಟರ್ ವೃತ್ತ ಅಂದಿದ್ದಕ್ಕೆ ಸುಮ್ನೆ ಲೆಕ್ಕ ಹಾಕಿದೆ. ಒಣ ಸಿಮೆಂಟಿನಲ್ಲಿ ಘರ್ಷಣೆಯ ಗುಣಾಂಕ 0.8 ಅಂತ ಹಿಡಿದರೆ ಚಕ್ರ ಹಿಡಿತ ಬಿಡುವುದು ಗಂಟೆಗೆ 32 ಕಿಲೋಮೀಟರ್ ಹತ್ತಿರ. ಒದ್ದೆ ಪಾಚಿಯಲ್ಲಿ 0.4 ಅಂತ ಇಟ್ಟುಕೊಂಡರೆ 22ರ ಸುಮಾರು. ಅಂತರ ಚಿಕ್ಕದು ಅನಿಸಬಹುದು, ಆದರೆ ಕಾರಿನ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. 22ರಲ್ಲಿ ಅದು 32ರದ್ದರ ಸುಮಾರು ಅರ್ಧ. ಏನಾದರೂ ಗುದ್ದಿದರೂ ಅರ್ಧದಷ್ಟೇ ಪೆಟ್ಟು.

ಆದರೆ ಒದ್ದೆ ನೆಲದಲ್ಲಿ ನಿಲ್ಲಲೂ ಹಿಡಿತ ಅರ್ಧವೇ. ಆದ್ದರಿಂದ ಸುತ್ತಲೂ ಬಿಡುವ ಜಾಗ ಕಮ್ಮಿ ಮಾಡುವ ಹಾಗಿಲ್ಲ. 10 ಮೀಟರ್ ತ್ರಿಜ್ಯ, ಹೊರಗೆ ಇನ್ನೊಂದು 10 ಮೀಟರ್ ಖಾಲಿ ಅಂದರೆ 40 ಮೀಟರ್ ಚೌಕ. ನಲವತ್ತು ಸೆಂಟ್ ಜಾಗ. ನಿಮ್ಮ ಕಣ ಅಷ್ಟಿದೆಯಾ?

---

ಕಣದಹುಡುಗ

ಸರ್, ಉದ್ದಕ್ಕೆ ಇದೆ, ಅಗಲಕ್ಕೆ ಇಲ್ಲ. ಒಂದು ಪಕ್ಕ ಮೊಣಕಾಲೆತ್ತರದ ಕಟ್ಟೆ.

---

ಬಾಣೆಜೀಪು

ಹಾಗಾದರೆ ವೃತ್ತ ಚಿಕ್ಕದು ಮಾಡಿ, ಕಟ್ಟೆಯಿಂದ ದೂರ ಎಳೆದುಕೊಳ್ಳಿ. ಮೇಷ್ಟ್ರು ಹೇಳಿದ್ದು ಸರಿ. ಕಾರು ಅಡ್ಡ ಜಾರಿಕೊಂಡು ಹೋಗಿ ಚಕ್ರ ಕಟ್ಟೆಗೆ ತಾಗಿದರೆ 20 ಕಿಲೋಮೀಟರಿನಲ್ಲೂ ಮಗುಚಬಹುದು. ನೇರ ಗುದ್ದುವುದಕ್ಕಿಂತ ಅಡ್ಡ ತಾಗುವುದು ಕೆಟ್ಟದ್ದು.

ಗದ್ದೆಯ ವಿಷಯವೂ ಇದಕ್ಕೇ ಅಂಟಿಕೊಂಡಿದೆ, ಕೇಳು. ನಮ್ಮ ಕಡೆ ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ಕಾರು ಸ್ಪರ್ಧೆ) ನಡೆಯುವುದು ಕೊಯ್ಲಾದ ಗದ್ದೆಯಲ್ಲೇ. ಪುತ್ತರಿ ಹಬ್ಬ ಮುಗಿದು, ಭತ್ತ ಮನೆಗೆ ಬಂದು, ಕೂಳೆ ಒಣಗಿ, ನೆಲ ಬಿಗಿಯಾದ ಮೇಲೆ. ದೂಳು ಎದ್ದರೆ ಮುಂದಿನ ಕಾರು ಕಾಣುವುದಿಲ್ಲ, ಅದಕ್ಕೇ ಒಬ್ಬೊಬ್ಬರನ್ನೇ ಗಡಿಯಾರದ ಮೇಲೆ ಬಿಡುತ್ತಾರೆ. ನೋಡಲು ಚಂದ. ಆದರೆ ಗದ್ದೆ ಸಮತಟ್ಟು ಅಂತ ಮೋಸ ಹೋಗಬೇಡ. ಬದು ಇದೆ. ಟ್ರ್ಯಾಕ್ಟರ್ ಚಕ್ರದ ಹಳೆಯ ಗುಂಡಿ ಒಣಗಿ ಕಲ್ಲಾಗಿ ಕೂತಿರುತ್ತದೆ. ನೀರು ಹರಿಯಲು ಕಡಿದ ಕಾಲುವೆ ಹುಲ್ಲಿನಲ್ಲಿ ಮುಚ್ಚಿರುತ್ತದೆ. ಅಡ್ಡ ಜಾರುವ ಚಕ್ರ ಅದರಲ್ಲಿ ಸಿಕ್ಕಿದರೆ ಆಯಿತು. ಜಿಪ್ಸಿ, ಓಮ್ನಿಯಂಥ ಎತ್ತರದ ಗಾಡಿಗಳು ಮಗುಚುವುದು ಹೀಗೇ. ನಿನ್ನ ಕಾರು ತಗ್ಗಿದೆ, ಸ್ವಲ್ಪ ವಾಸಿ. ಆದರೂ ರೋಲ್ ಕೇಜ್ (ಮಗುಚಿದರೆ ಒಳಗಿನವರನ್ನು ಕಾಪಾಡುವ ಕಬ್ಬಿಣದ ಚೌಕಟ್ಟು) ಇಲ್ಲದೆ ಗದ್ದೆಯಲ್ಲಿ ವೇಗ ಏರಿಸುವ ಹಾಗಿಲ್ಲ. ಹೆಲ್ಮೆಟ್ಟು, ಸೀಟ್ ಬೆಲ್ಟು ಕಣದಲ್ಲೂ ಬೇಕು. ಕಿಟಕಿ ಗಾಜು ಏರಿಸಿರಬೇಕು, ಕೈ ಹೊರಗೆ ಬರಬಾರದು.

ಮುಂದೆ ಸ್ಪರ್ಧೆಗೆ ಇಳಿಯುವ ಆಸೆ ಬಂದರೆ ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಕ್ರೀಡಾ ಕ್ಲಬ್ಬುಗಳ ಒಕ್ಕೂಟ) ಲೈಸೆನ್ಸ್ ಮಾಡಿಸಿ, ಅವರ ಅನುಮತಿ ಇರುವ ಆಟೋಕ್ರಾಸಿಗೆ ಹೆಸರು ಕೊಡಿ. ಅಲ್ಲಿ ಆಂಬುಲೆನ್ಸ್ ಇರುತ್ತದೆ, ಗಾಡಿ ತಪಾಸಣೆ ಮಾಡುವವರಿರುತ್ತಾರೆ. ಕೊಡಗಿನ ತೋಟದ ದಾರಿಗಳಿಗೆ ರಾಷ್ಟ್ರಮಟ್ಟದ ರ್‍ಯಾಲಿಯೂ ಬಂದಿದೆ. ನೋಡಲು ಹೋದಾಗ ತಿರುವಿನ ಹೊರಗಡೆ ಮಾತ್ರ ನಿಲ್ಲಬೇಡ. ಫೋಟೋ ಅಲ್ಲೇ ಚೆನ್ನಾಗಿ ಬರುತ್ತದೆ, ಕಾರೂ ಅಲ್ಲಿಗೇ ಬರುತ್ತದೆ.

---

ಕಣದಹುಡುಗ · ಆಗಸ್ಟ್ ಕೊನೆ

ವರದಿ ಒಪ್ಪಿಸುತ್ತಿದ್ದೇನೆ.

ವೃತ್ತ ಬಂತು. ಮೂವರಿಗೂ ಒಂದೇ ಸಲ ಬರಲಿಲ್ಲ. ಮೊದಲು ಬಂದಿದ್ದು ನಮ್ಮಲ್ಲಿ ಎಲ್ಲರಿಗಿಂತ ನಿಧಾನಕ್ಕೆ ಓಡಿಸುವವನಿಗೆ, ಹಾಲು ಡೈರಿಗೆ ಪಿಕಪ್ ಓಡಿಸುವವನು ಅವನು. ನಾವಿಬ್ಬರೂ ಜೋರು ಮಾಡಿ ಸುತ್ತುತ್ತಿದ್ದೆವು. ಅವನು ಮಾತ್ರ ಕಾಲನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡಿಕೊಂಡು, ಸ್ಟೀರಿಂಗನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ಚೀಲದ ಸುತ್ತ ಹಾಗೇ ಹೋಗುತ್ತಲೇ ಇದ್ದ. ನಾನು ಪಕ್ಕದ ಸೀಟಿನಲ್ಲಿದ್ದೆ. ಎಂಜಿನ್ ಸದ್ದು ಏರಿ ಇಳಿಯುವುದು ಕೇಳಿಸುತ್ತಿತ್ತು, ಆದರೆ ಕಾರಿನ ಕೋನ ಬದಲಾಗುತ್ತಿರಲಿಲ್ಲ. ಮುಂದಿನ ಗಾಜಿನಲ್ಲಿ ಸಿಲ್ವರ್ ಓಕ್ ಸಾಲು ಅಡ್ಡಕ್ಕೆ ಸರಿಯುತ್ತಿತ್ತು, ಚೀಲ ಮಾತ್ರ ನನ್ನ ಕಿಟಕಿಯ ಅದೇ ಮೂಲೆಯಲ್ಲಿ ನಿಂತಿತ್ತು. ಆಗ ಅರ್ಥವಾಯಿತು ಬಾಣೆಜೀಪು ಅಣ್ಣ ಏನು ಹೇಳುತ್ತಿದ್ದರು ಅಂತ. ಸ್ಟೀರಿಂಗ್ ಹಿಡಿದಾಗ ಗೊತ್ತಾಗದ್ದು ಪಕ್ಕದಲ್ಲಿ ಕೂತಾಗ ಗೊತ್ತಾಗುತ್ತದೆ. ಈಗ ನಮ್ಮ ನಿಯಮ ಏನೆಂದರೆ, ಒಬ್ಬ ಓಡಿಸುತ್ತಾನೆ, ಒಬ್ಬ ಪಕ್ಕದಲ್ಲಿ, ಇನ್ನೊಬ್ಬ ಕಟ್ಟೆಯ ಆಚೆ ಸೀಟಿ ಹಿಡಿದು ನಿಲ್ಲುತ್ತಾನೆ. ಆಳು, ನಾಯಿ, ದನ ಯಾವುದು ಬಂದರೂ ಸೀಟಿ. ಸೀಟಿ ಕೇಳಿದರೆ ಕ್ಲಚ್ಚು, ಬ್ರೇಕು ಎರಡೂ ಒತ್ತಿ ನಿಲ್ಲಿಸಬೇಕು.

ಸರದಿಗಾಗಿ ಜಗಳ ಆಗುತ್ತದೆ, ಅದನ್ನು ಬರೆಯುವುದಿಲ್ಲ.

ಈಗ ತೊಂದರೆ ಎಂಟರ ಆಕಾರದ್ದು. ಎರಡು ಚೀಲ ಇಟ್ಟು ಒಂದರಿಂದ ಇನ್ನೊಂದಕ್ಕೆ ದಾಟುವಾಗ ಕಾರು ಆ ಕಡೆಗೆ ತಿರುಗಿದ ಕೂಡಲೇ ಸುತ್ತಿಬಿಡುತ್ತದೆ. ಎಡಕ್ಕೆ ಚೆನ್ನಾಗಿ ಬರುತ್ತದೆ, ಬಲಕ್ಕೆ ಬರುವುದಿಲ್ಲ. ಯಾಕೆ?

---

ಆಕ್ಲೆಂಡ್‌ವಾಸಿ

ದಾಟುವಾಗ ಕಾರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೀಸುತ್ತದೆ, ಆ ಬೀಸಿನಲ್ಲಿ ಶಕ್ತಿ ಸೇರಿಕೊಂಡಿರುತ್ತದೆ. ರ್‍ಯಾಲಿಯವರು ಬೇಕೆಂದೇ ಮೊದಲು ಎದುರು ದಿಕ್ಕಿಗೆ ತಿರುಗಿಸಿ ಆಮೇಲೆ ತಿರುವಿಗೆ ಎಸೆಯುವುದು ಇದಕ್ಕೇ. ನಿಮಗೆ ಅದು ಪುಕ್ಕಟೆ ಸಿಗುತ್ತಿದೆ, ಆದರೆ ಜಾಸ್ತಿ ಸಿಗುತ್ತಿದೆ. ಎರಡು ಚೀಲದ ನಡುವೆ ಬಂದಾಗ ಆಕ್ಸಿಲರೇಟರ್ ನಿಧಾನಕ್ಕೆ ಸಡಿಲಿಸಿ. ಕಾರು ನೇರವಾಗುವ ಮುಂಚೆಯೇ ಸ್ಟೀರಿಂಗ್ ಆ ಕಡೆಗೆ ಹರಿಯಲು ಬಿಡಿ. ಕಾರು ಬೀಸಿದ ಮೇಲೆ ಸ್ಟೀರಿಂಗ್ ಹುಡುಕಿದರೆ ತಡವಾಯಿತು.

ಬಲಕ್ಕೆ ಬರದಿರಲು ಒಂದು ಕಾರಣ, ನೀವು ಬಲಗಡೆ ಕೂತಿದ್ದೀರಿ. ಎರಡು ಕಡೆಯ ನೋಟ ಬೇರೆ ಬೇರೆ. ನನಗೂ ಇಲ್ಲಿ ಒಂದು ಕಡೆ ಬೇಗ ಬಂತು, ಇನ್ನೊಂದು ಕಡೆ ತಿಂಗಳುಗಟ್ಟಲೆ ಹಿಡಿಯಿತು. ಬರದ ಕಡೆಯಿಂದಲೇ ದಿನದ ಆಟ ಶುರು ಮಾಡಿ, ಕೈಕಾಲು ದಣಿಯುವ ಮುಂಚೆ.

---

ಸ್ಪ್ಯಾನರ್‌ಸಾಬ್

ಕಾರಣ ಕಾರಿನಲ್ಲೂ ಇರಬಹುದು. ಅಲೈನ್‌ಮೆಂಟ್ ನೋಡಿಸಿ. ಹಿಂದಿನ ಬ್ರೇಕ್ ಒಂದು ಕಡೆ ಹಿಡಿದುಕೊಂಡಿದೆಯಾ ನೋಡಿ. ಜಾಕ್ ಹಾಕಿ ಎರಡೂ ಚಕ್ರ ಕೈಯಲ್ಲಿ ಸುತ್ತಿದರೆ ಗೊತ್ತಾಗುತ್ತದೆ. ಕಣಕ್ಕೂ ನೀರು ಹರಿಯಲು ಒಂದು ಕಡೆ ಇಳಿಜಾರು ಇರುತ್ತದೆ, ಅದನ್ನೂ ಮರೆಯಬೇಡಿ.

---

ಹತ್ತನೇಗೇರು · ಶನಿವಾರಸಂತೆ

ಅಣ್ಣಂದಿರೇ, ನನಗೆ 17 ವರ್ಷ. ನಾನೂ ಬಂದು ಓಡಿಸಬಹುದಾ? ಖಾಸಗಿ ಜಾಗ ಅಲ್ವಾ, ಲೈಸೆನ್ಸ್ ಯಾಕೆ?

---

ಸಂಪಾಜೆಘಾಟಿ

ಬೇಡ ಮಾರಾಯ.

---

ಮೆಣಸುಬಳ್ಳಿ

ಮನೆಯಲ್ಲಿ ಹೇಳಿ, ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ನೋಡಲು ಹೋಗು ಮಗ, ಅವರು ಬಾ ಅಂದರೆ. ಚೀಲ ಎತ್ತಿಡಲು ಒಬ್ಬರು ಬೇಕೇ ಬೇಕು. ಇನ್ನೊಬ್ಬರ ತೋಟದಲ್ಲಿ ಲೈಸೆನ್ಸ್ ಇಲ್ಲದ ಹುಡುಗನಿಗೆ ಏನಾದರೂ ಆದರೆ ಉತ್ತರ ಕೊಡಬೇಕಾದವರು ಆ ಮನೆಯ ಯಜಮಾನರು. ಆಮೇಲೆ ಆ ಕಣದಲ್ಲಿ ಯಾರಿಗೂ ಆಟ ಇರುವುದಿಲ್ಲ. ಅಲ್ಲಿವರೆಗೆ ಗೋ-ಕಾರ್ಟ್ ಓಡಿಸು, ಕಂಪ್ಯೂಟರಿನಲ್ಲಿ ಸ್ಟೀರಿಂಗ್ ಇಟ್ಟುಕೊಂಡು ಆಡು.

---

ಕಣದಹುಡುಗ · ಅಕ್ಟೋಬರ್

ತುಲಾ ಸಂಕ್ರಮಣ ಮುಗಿಯಿತು, ಮಳೆ ಬಿಡುತ್ತಿದೆ. ಕಣ ಒಣಗುತ್ತಿದೆ, ಪಾಚಿ ಪುಡಿಯಾಗಿ ಏಳುತ್ತಿದೆ. ಒಣಗಿದ ಕಡೆ ಕಾರು ಒಂದಿಷ್ಟೂ ಜಾರುವುದಿಲ್ಲ, ಒದ್ದೆ ಇರುವ ಕಡೆ ಜಾರುತ್ತದೆ, ಎರಡೂ ಸೇರುವ ಗೆರೆಯಲ್ಲಿ ಥಟ್ಟನೆ ಹಿಡಿದು ಎಸೆಯುತ್ತದೆ. ಆದ್ದರಿಂದ ಕಣದ ಆಟ ನಿಲ್ಲಿಸಿದ್ದೇವೆ. ಎಂಟು ಎಡಕ್ಕೂ ಬಲಕ್ಕೂ ಬಂತು. ಮೂರನೆಯವನಿಗೆ ಮಾತ್ರ ಇನ್ನೂ ಬಂದಿಲ್ಲ, ಹೆಸರು ಹೇಳುವುದಿಲ್ಲ, ಅವನೂ ಇದನ್ನು ಓದುತ್ತಾನೆ.

ಮುಂದಿನ ವಾರ ಕಣ ಕೆರೆದು ತೊಳೆಯುತ್ತೇವೆ. ಮೆಣಸುಬಳ್ಳಿ ಅಕ್ಕ, ಆಯಿಲ್ ಕಲೆ ಎರಡು ಕಡೆ ಆಗಿದೆ. ಹೇಗೆ ತೆಗೆಯುವುದು?

---

ಮೆಣಸುಬಳ್ಳಿ

ಮೊದಲು ಒಣ ಮರದ ಪುಡಿ ಹರಡಿ ಒಂದು ದಿನ ಬಿಡಿ, ಹೀರಿದಷ್ಟು ಹೀರಲಿ. ಗುಡಿಸಿ, ಸೋಪಿನ ಪುಡಿ ಹಾಕಿ ಗಟ್ಟಿ ಬ್ರಷ್ಷಿನಲ್ಲಿ ಉಜ್ಜಿ, ಬಿಸಿನೀರು ಹೊಯ್ಯಿರಿ. ಎರಡು ಮೂರು ಸಲ ಮಾಡಬೇಕಾಗುತ್ತದೆ. ಆಮೇಲೂ ಬಗ್ಗಿ ಮೂಸಿದರೆ ವಾಸನೆ ಬಂದರೆ, ಆ ಜಾಗದಲ್ಲಿ ಈ ವರ್ಷ ಕಾಫಿ ಹರಡಬೇಡಿ ಅಂತ ಮಾವನಿಗೆ ನೀವೇ ಹೇಳಿ. ಬಚ್ಚಿಡಬೇಡಿ.

---

ಬಾಣೆಜೀಪು

ಗದ್ದೆ ಬೇಕಿದ್ದರೆ ನಮ್ಮದೊಂದು ಇದೆ, ರಸ್ತೆಯಿಂದ ಒಳಗೆ, ಸುತ್ತ ಮನೆ ಇಲ್ಲ. ಜನವರಿಗೆ ಒಣಗುತ್ತದೆ. ಆದರೆ ಅಷ್ಟರಲ್ಲಿ ಕೇಜ್ ಹಾಕಿಸಿರಬೇಕು, ಇಲ್ಲದಿದ್ದರೆ ಗೇಟು ತೆಗೆಯುವುದಿಲ್ಲ. ಮೊದಲು ನಡೆದುಕೊಂಡು ಗುಂಡಿ, ಕಾಲುವೆ ಎಲ್ಲಾ ಗುರುತು ಹಾಕೋಣ. ಕಾರನ್ನು ಓಡಿಸಿಕೊಂಡು ಬರಬೇಡಿ, ಇನ್ಶೂರೆನ್ಸ್ ಇಲ್ಲ ಅಂದಿದ್ದೀರಿ. ಹಾಲಿನ ಪಿಕಪ್ಪಿಗೆ ಕಟ್ಟಿಕೊಂಡೂ ಬರಬೇಡಿ. ಯಾರ ಹತ್ತಿರವಾದರೂ ಕಾರು ಹೊರುವ ಲಾರಿ ಇದ್ದರೆ ಇಲ್ಲಿ ಬರೆಯಿರಿ.

---

ಸ್ಪ್ಯಾನರ್‌ಸಾಬ್

ನನ್ನ ಹತ್ತಿರ ಇದೆ. ಡೀಸೆಲ್ ಹಾಕಿಸಿದರೆ ಸಾಕು, ಬಾಡಿಗೆ ಬೇಡ. ಆದರೆ ನನಗೂ ಒಂದು ಸರದಿ ಕೊಡಬೇಕು.

---

ಕಣದಹುಡುಗ

ಕೊಟ್ಟೆವು ಸಾಬ್. ಮೂರನೆಯವನ ಸರದಿ ನಿಮಗೆ.